ಕುಂಕುಮ ಹಚ್ಚಿದ ಮಷಿನ್ನು

ಮಷಿನ್ನು ಬಂದ ದಿನ ಅದಕ್ಕೆ ಹಾರ ಹಾಕಿದವಳು ನಾನೇ. ಕೊಪ್ಪದ ನಮ್ಮ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಅಂದು ಸೇವಂತಿಗೆ, ಊದುಬತ್ತಿ, ತೆಂಗಿನಕಾಯಿ ಎಲ್ಲ ಇತ್ತು. ರಕ್ತದ ಕಣ ಎಣಿಸುವ ಮಷಿನ್ನು ಅದು. ಡಾಕ್ಟರು ತಾವೇ ಅದರ ಹಣೆಗೆ ಕುಂಕುಮ ಹಚ್ಚಿ, ಕೈಮುಗಿದು, ಎಲ್ಲರಿಗೂ ಪೇಡೆ ಹಂಚಿದರು. ಅಲ್ಲಿಯವರೆಗೆ ಆ ಕಣಗಳನ್ನು ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತು ಎಣಿಸುತ್ತಿದ್ದವಳು ನಾನು. ಸದ್ಯ, ಇನ್ನು ಕುತ್ತಿಗೆ ನೋವು ತಪ್ಪಿತು ಅಂತ ಖುಷಿಯಲ್ಲಿ ಎರಡು ಪೇಡೆ ತಿಂದೆ. ಕುತ್ತಿಗೆ ನೋವಿನ ಜೊತೆ ಕೆಲಸವೂ ತಪ್ಪುತ್ತದೆ ಅಂತ ಯಾರು ಕಂಡಿದ್ದರು!

ಅದನ್ನು ನಡೆಸುವುದು ಹೇಗೆಂದು ಹೇಳಿಕೊಡಲು ಕಂಪನಿಯವನು ಬಂದದ್ದು ಒಂದೇ ಒಂದು ಮಧ್ಯಾಹ್ನ. ಆಗ ಬೇಸಿಗೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಮಂಗನ ಕಾಯಿಲೆಯ ಹೆದರಿಕೆ. ಮೈ ಸ್ವಲ್ಪ ಬಿಸಿಯಾದರೂ ಬಂದು ತೋಳು ಚಾಚುತ್ತಾರೆ. ಹೊರಗೆ ಬೆಂಚು ತುಂಬಿತ್ತು. "ನೀವು ಹೊರಗೆ ಬ್ಲಡ್ ತೆಗೀತಾ ಇರಿ, ಕ್ಯೂ ಇದೆ. ಅವನು ಕಲ್ತು ನಿಮಗೆ ಹೇಳಿಕೊಡ್ತಾನೆ" ಅಂದರು ಡಾಕ್ಟರು. ಅವನು ಅಂದರೆ ಲ್ಯಾಬಿನಲ್ಲಿದ್ದ ಇನ್ನೊಬ್ಬ ಟೆಕ್ನಿಷಿಯನ್. ಅವನು ಕಲಿತ, ಚೆನ್ನಾಗಿಯೇ ಕಲಿತ. ಕಲಿತದ್ದನ್ನು ಕಟ್ಟಿಕೊಂಡು ಶಿವಮೊಗ್ಗದ ದೊಡ್ಡ ಲ್ಯಾಬಿಗೆ ಹೋದ. ನನಗೆ ಹೇಳಿಕೊಡಲು ಅವನಿಗೂ ಪುರಸೊತ್ತಿರಲಿಲ್ಲ, ಕೇಳಲು ನನಗೂ ಇರಲಿಲ್ಲ. ಆ ಬೆಂಚು ಖಾಲಿಯಾದ ದಿನ ಒಂದಾದರೂ ಇತ್ತೇ?

ಅವನು ಹೋದ ಮೇಲೆ ಡಾಕ್ಟರು, "ಇನ್ನು ನೀವೇ ನೋಡ್ಕೊಳ್ಳಿ" ಅಂದರು. ಏನು ನೋಡಿಕೊಳ್ಳಲಿ? ಕಂಪನಿ ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಧೈರ್ಯ ಮಾಡಿ ಒಂದು ಟ್ಯೂಬ್ ರಕ್ತ ಇಟ್ಟು ಗುಂಡಿ ಒತ್ತಿದೆ. ಮಷಿನ್ನು ಕಿರ್ರೆಂದಿತು. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಆಮೇಲೆ ಕುಯ್ಯೋ ಅಂತ ಒಂದೇ ಸಮನೆ ಕೂಗತೊಡಗಿತು. ಗಾಬರಿಯಲ್ಲಿ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಡಾಕ್ಟರು ಊಟದ ಕೈಯಲ್ಲೇ ಓಡಿ ಬಂದರು.

"ಎಂತ ಮಾಡಿದ್ರಿ? ಯಾರು ಮುಟ್ಟಕ್ಕೆ ಹೇಳಿದ್ದು ನಿಮಗೆ?"

"ಕಲಿಯಣ ಅಂತ ಸಾರ್..."

"ಕಲಿಯಕ್ಕೆ ಇದೇ ಬೇಕಿತ್ತಾ? ಇನ್ನು ಇದರ ಹತ್ರ ಬರಬೇಡಿ."

ಅಂದಿನಿಂದ ಮಷಿನ್ನಿನ ಮೇಲೆ ಹಸಿರು ಬಟ್ಟೆ ಬಿತ್ತು. ಅರ್ಜೆಂಟಿನವು ಮತ್ತೆ ನನ್ನ ಮೈಕ್ರೋಸ್ಕೋಪಿಗೆ ಬಂದವು, ಉಳಿದ ರಕ್ತವೆಲ್ಲ ಐಸ್ ಡಬ್ಬಿಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಯಿತು. ಮಷಿನ್ನಿಗೆ ಮಾತ್ರ ಶುಕ್ರವಾರ ಶುಕ್ರವಾರ ಹೂ, ಕುಂಕುಮ. ಇಡುವವಳು ನಾನೇ. ಹೂ ಇಡಲು ಅಪ್ಪಣೆ ಇತ್ತು, ಗುಂಡಿ ಒತ್ತಲು ಇರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಉರಿಯಲು ಕಾರಣವಿದೆ. ಇದೇ ಡಾಕ್ಟರು ನನಗೆ ಕೆಲಸ ಕಲಿಸಿದ್ದು ಹೀಗಲ್ಲ. ನಾನು ಅಲ್ಲಿಗೆ ಸೇರಿದಾಗ ಇನ್ನೂ ಮದುವೆಯಾಗಿರಲಿಲ್ಲ, ಟೋಕನ್ ಬರೆದುಕೊಡುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಡಾಕ್ಟರೂ ಆಗ ಹೊಸಬರು. ಒಂದು ಮಧ್ಯಾಹ್ನ ಕರೆದು ಸ್ಟೂಲಿನ ಮೇಲೆ ಕೂತರು, ಅಂಗಿಯ ತೋಳು ಮೇಲೆ ಮಾಡಿದರು, ರಬ್ಬರ್ ಪಟ್ಟಿ ತಾವೇ ಕಟ್ಟಿಕೊಂಡರು. "ಹ್ಞೂ, ಚುಚ್ಚಿ. ನಾನೇನು ಸಾಯಲ್ಲ" ಅಂದರು. ಸೂಜಿ ನರ ತಪ್ಪಿ ಎಲ್ಲೋ ಹೋಯಿತು, ಅವರ ತೋಳು ಊದಿ ನೀಲಿಯಾಯಿತು. ಮರುದಿನ ಇನ್ನೊಂದು ತೋಳು ಕೊಟ್ಟರು. ಬಯ್ಯಲಿಲ್ಲ. ಮೈಕ್ರೋಸ್ಕೋಪೂ ಹಾಗೆಯೇ, ಊಟವಾದ ಮೇಲೆ ದಿನಾ ಪಕ್ಕದಲ್ಲಿ ಕೂತು ತೋರಿಸಿದರು. ಆ ಹೊತ್ತಿಗೆ ಪೇಷೆಂಟ್ ಬಂದರೆ, "ಸ್ವಲ್ಪ ಕೂತ್ಕೊಳ್ಳಿ, ಇಲ್ಲೊಂದು ಪಾಠ ನಡೀತಿದೆ" ಅನ್ನುತ್ತಿದ್ದರು.

ಕೆಲಸದ ಜಾಗದಲ್ಲಿ ಮನುಷ್ಯ ಹೊಸದು ಕಲಿಯಲು ಮತ್ತೇನು ಬೇಕು ಹೇಳಿ? ದಿನಕ್ಕೆ ಒಂದಷ್ಟು ಹೊತ್ತು ಬೇಕು, ಅದೂ ಕೆಲಸದ ಹೊತ್ತಿನಲ್ಲೇ. ಕೆಟ್ಟರೂ ಅಡ್ಡಿಯಿಲ್ಲ ಅನ್ನುವಂಥದ್ದೊಂದು ಕೈಗೆ ಸಿಗಬೇಕು. ಪಕ್ಕದಲ್ಲಿ ಬಯ್ಯದವರೊಬ್ಬರು ಇರಬೇಕು. ಆಗ ಅವರಲ್ಲಿ ಇದೆಲ್ಲ ಇತ್ತು. ಆಮೇಲೆ ಅದೆಲ್ಲಿಗೆ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ನನಗೆ ವಯಸ್ಸಾಯಿತು, ಇನ್ನೇನು ಕಲಿಯುತ್ತಾಳೆ ಅನ್ನಿಸಿರಬೇಕು.

ಹೊಸಬಳು ಬಂದದ್ದು ಮಳೆಗಾಲ ಕಳೆದ ಮೇಲೆ. ನರಸಿಂಹರಾಜಪುರದ ಕಡೆಯವಳು. ಡಿಪ್ಲೊಮಾ ಮಾಡಿ, ಮದುವೆಯಾಗಿ, ಎರಡು ಮಕ್ಕಳನ್ನು ಸ್ಕೂಲಿಗೆ ಹಾಕಿದ ಮೇಲೆ ಈಗ ಕೆಲಸಕ್ಕೆ ಹೊರಟಿದ್ದಳು. ಕಾಲೇಜಿನಲ್ಲಿ ಅಂಥದೇ ಮಷಿನ್ನು ನಡೆಸಿದ್ದಳಂತೆ. ಡಾಕ್ಟರು ಹಸಿರು ಬಟ್ಟೆ ತೆಗೆಸಿದರು, ಕಂಪನಿಯವನನ್ನು ಕರೆಸಿ ಮಷಿನ್ನು ರೆಡಿ ಮಾಡಿಸಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದರು.

"ಅವರಿಗೆ ಬ್ಲಡ್ ತೆಗೆಯೋದು ರೂಢಿ ತಪ್ಪಿದೆ. ಈ ತಿಂಗಳು ನೀವು ಕಲಿಸಿಬಿಡಿ. ಆಮೇಲೆ ಮನೇಲಿ ಆರಾಮಾಗಿರಿ. ನೆಮ್ಮಾರಿಂದ ದಿನಾ ಬಸ್ಸಲ್ಲಿ ಬಂದು ಹೋಗಿ ನಿಮಗೂ ಸಾಕಾಗಿದೆ ಅಲ್ವಾ?"

ಸಾಕಾಗಿದೆ ಅಂತ ನಾನು ಯಾವತ್ತು ಹೇಳಿದ್ದೆ? "ಸಾರ್, ನನಗೂ ಮಷಿನ್ ಕಲಿಸಕ್ಕೆ ಹೇಳಿ. ಅವಳ ಪಕ್ಕ ಒಂದಷ್ಟು ದಿನ ಕೂತ್ಕೊಂಡ್ರೆ ಸಾಕು" ಅಂದೆ. ಬೇಡಿದೆ ಅಂತಲೇ ಹೇಳಬೇಕು. ಮಷಿನ್ನು ನಡೆಸಲು ಬಾರದವಳನ್ನು ಈ ವಯಸ್ಸಿನಲ್ಲಿ ಕೊಪ್ಪದಲ್ಲಾಗಲಿ ಶೃಂಗೇರಿಯಲ್ಲಾಗಲಿ ಯಾವ ಲ್ಯಾಬಿನವರು ಒಳಗೆ ಬಿಡುತ್ತಾರೆ? "ಈಗ ಯಾಕೆ ಅದೆಲ್ಲ ತಲೆನೋವು ನಿಮಗೆ" ಅಂತ ಅವರು ನಕ್ಕರು. ಅವರು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅಂದು ಬಸ್ಸಿನಲ್ಲಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಊರು ಬರುವವರೆಗೂ ಅತ್ತೆ.

ಕಲಿಸಲು ಮನಸ್ಸು ಬರಲಿಲ್ಲ. ಯಾರಿಗೆ ತಾನೇ ಬರುತ್ತದೆ? ಅವಳು ಕಲಿತ ದಿನ ನನ್ನ ಅನ್ನ ಮುಗಿಯಿತು. ಸೂಜಿ ಹಿಡಿಯುವುದನ್ನು ಬಾಯಲ್ಲಿ ಹೇಳಿ ಸುಮ್ಮನಾದೆ. ಹಾಗಿರುವಾಗ ಬೇಗಾರಿನಿಂದ ಒಬ್ಬರು ಅಜ್ಜಿ ಬಂದರು. ಹೊಸಬಳು ಒಮ್ಮೆ ಚುಚ್ಚಿದಳು, ಸಿಗಲಿಲ್ಲ. ಮತ್ತೊಮ್ಮೆ ಚುಚ್ಚಿದಳು. ಮೂರನೆಯದಕ್ಕೆ ಅಜ್ಜಿ ತೋಳು ಎಳೆದುಕೊಂಡರು.

"ಎಂತ ಮಾರಾಯ್ತಿ, ನನ್ನ ಕೈ ಎಂತ ಗೋಣಿಚೀಲನಾ? ಆ ಹಳೆಯಮ್ಮನ್ನ ಕರಿ."

ನಾನು ಹೋಗಿ ರಕ್ತ ತೆಗೆದೆ. ತಿರುಗಿ ನೋಡಿದರೆ ಹೊಸಬಳಿಲ್ಲ. ಹಿಂದಿನ ಬಾತ್‌ರೂಮಿನ ಹತ್ತಿರ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

"ನನ್ನ ಕೈಯಲ್ಲಿ ಆಗಲ್ಲ ಅಕ್ಕ. ಕಾಲೇಜಲ್ಲಿ ರಬ್ಬರ್ ಕೈಗೆ ಚುಚ್ಚಿದ್ದೇ ಜಾಸ್ತಿ. ಆಗಲ್ಲ ಅಂದ್ರೆ ಡಾಕ್ಟ್ರು ಮನೆಗೆ ಕಳಿಸ್ತಾರೆ. ಇಷ್ಟು ವರ್ಷ ಆದ್ಮೇಲೆ ಹೊರಗೆ ಬಂದಿದೀನಿ, ಮತ್ತೆ ಯಾವ ಮುಖ ಹೊತ್ಕೊಂಡು ಒಳಗೆ ಹೋಗ್ಲಿ?"

ಇವಳ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದೇ ಆಗಿತ್ತು ನನಗೆ, ಈಗ ಅದೂ ಹೋಯಿತು. ರಟ್ಟೆ ಹಿಡಿದು ಲ್ಯಾಬಿಗೆ ಕರೆತಂದೆ. ಸ್ಟೂಲಿನ ಮೇಲೆ ಕೂತು ತೋಳಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡೆ.

"ಹ್ಞೂ, ಚುಚ್ಚು. ನಾನೇನು ಸಾಯಲ್ಲ."

"ಅಯ್ಯೋ ಬ್ಯಾಡ ಅಕ್ಕ..."

"ಚುಚ್ಚೇ ಮಾರಾಯ್ತಿ! ಹೊರಗೆ ಕ್ಯೂ ಇದೆ."

ಮೊದಲ ಸಲ ತಪ್ಪಿತು. ಕಣ್ಣಲ್ಲಿ ನೀರು ಬಂತು, ತುಟಿ ಕಚ್ಚಿಕೊಂಡೆ. "ನೋಡಬೇಡ, ಬೆರಳಲ್ಲಿ ಮುಟ್ಟಿ ನೋಡು, ಒಳಗೆ ಪುಟಿಯುತ್ತಲ್ಲ, ಅಲ್ಲಿ" ಅಂದು ಇನ್ನೊಂದು ತೋಳು ಕೊಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು ಬಂದು ನಿಂತಿದ್ದರು. ನನ್ನ ತೋಳು ನೋಡಿದರು, ಸ್ಟೂಲು ನೋಡಿದರು. ಅವರಿಗೂ ನೆನಪಾಯಿತು ಅಂತ ಮುಖದಲ್ಲೇ ಗೊತ್ತಾಯಿತು. ನನ್ನ ಬಾಯಿ ನಿಲ್ಲಲಿಲ್ಲ.

"ನೀವೂ ಹೀಗೇ ಕೂತಿದ್ರಿ ಸಾರ್. ನಿಮ್ಮ ಕೈಗಿಂತ ಆ ಮಷಿನ್ನು ಹೆಚ್ಚಾಯ್ತಾ? ಅದಕ್ಕೂ ಒಂದು ದಿನ ನನ್ನ ಮುಂದೆ ಹೀಗೆ ಕೂರಕ್ಕೆ ಹೇಳಿ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊಸಬಳು, "ಬಂತು ಅಕ್ಕ! ಬಂತು!" ಅಂತ ಕೂಗಿದಳು. ಟ್ಯೂಬಿನೊಳಗೆ ನನ್ನ ರಕ್ತ ಸಲೀಸಾಗಿ ಇಳಿಯುತ್ತಿತ್ತು. ಅವಳ ಮುಖ ನೋಡಿ ನನಗೂ ನಗು ಬಂತು, ದೇವರಾಣೆ, ನಿಜವಾಗಿ ಬಂತು. ಡಾಕ್ಟರು ಒಳಗೆ ಬಂದು ಆ ಟ್ಯೂಬನ್ನು ಕೈಗೆ ತೆಗೆದುಕೊಂಡರು. ಈಗ ಕರೆಯುತ್ತಾರೆ, ಬನ್ನಿ ನೀವೇ ಇಡಿ ಅನ್ನುತ್ತಾರೆ ಅಂತ ಎದ್ದು ನಿಂತೆ.

"ಗುಡ್. ಇದನ್ನ ಚೆಲ್ಲಬೇಡಿ, ಮಷಿನ್ನಿಗೆ ಹಾಕಿ ಪ್ರಾಕ್ಟೀಸ್ ಮಾಡಿ" ಅಂತ ಅವಳ ಕೈಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. "ನೀವು ಹೊರಗೆ ನೋಡ್ಕೊಳ್ಳಿ, ತುಂಬಾ ಜನ ಕಾಯ್ತಿದಾರೆ."

ನನ್ನ ರಕ್ತ ಮಷಿನ್ನಿನೊಳಗೆ ಹೋಯಿತು. ನಾನು ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಹೋಗಿ, ಬೆಂಚಿನಲ್ಲಿ ಮುಂದೆ ಯಾರಿದ್ದೀರಿ ಬನ್ನಿ ಅಂದೆ.