ಸೂಜಿ ಒಪ್ಪಿದ ಸಿಸ್ಟಂ

ತಳ್ಳುಗಾಡಿಯಿಂದ ಇಳಿಸಿದ ಕಸೂತಿ ಯಂತ್ರದ ತಂತಿಯನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ ಪ್ಯೊ ಮಾಲ್ಸುನ್ ಗುಂಡಿ ಒತ್ತುತ್ತಾರೆ. ಅವರ ಕಣ್ಣು ಪರದೆಯ ಮೇಲಿಲ್ಲ, ಸೂಜಿಯ ಮೇಲಿದೆ. ಸೂಜಿ ಅಲುಗುವುದಿಲ್ಲ.

"ಮೆಕ್ಯಾನಿಕ್ ಯಾವಾಗ ಬರ್ತಾರಮ್ಮ?" ಯಂತ್ರದ ಮಾಲೀಕ ತಾಕ್ ಗಿಲ್‌ಹೊ ಕೇಳುತ್ತಾರೆ.

"ಬಂದು ಆಗ್ಲೇ ಹೊತ್ತಾಯ್ತು. ನಿಮ್ಮೆದುರೇ ಕೂತಿದಾರೆ."

ದಕ್ಷಿಣ ಕೊರಿಯಾದ ಸೋಲ್ ನಗರದ ಯೊಂಗ್ಸಾನ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಇನ್ನೂ ಬೆಳಕು ಹರಿದಿಲ್ಲ. ಮಾಲ್ಸುನ್ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯ ಷಟರ್ ಒಂದೇ ಮೇಲೆದ್ದಿದೆ. ತಾಕ್ ಅವರಿಗೆ ಕಾಯಲು ಪುರುಸೊತ್ತಿಲ್ಲ. ಶಾಲಾ ಸಮವಸ್ತ್ರಗಳ ಮೇಲೆ ಮಕ್ಕಳ ಹೆಸರು ಹೊಲಿಯುವುದು ಅವರ ಕಸುಬು. ಸೋಮವಾರ ಶಾಲೆ ಶುರು. ಅಷ್ಟರೊಳಗೆ ಕೊಡದಿದ್ದರೆ ಶಾಲೆಯವರು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಹೋದ ವಾರ ಮನೆಗೆ ಬಂದ ಅಳಿಯ, ಒಳ್ಳೆಯದಾಗಲೆಂದೇ, ಹಳೆಯ ಆಪರೇಟಿಂಗ್ ಸಿಸ್ಟಂ ಅಳಿಸಿ ಹೊಸದು ಹಾಕಿಹೋದ. ಅಂದಿನಿಂದ ಯಂತ್ರ ಮೂಕವಾಗಿದೆ.

ಮಾಲ್ಸುನ್ ಮೊದಲು ಬ್ಯಾಂಕೊಂದರಲ್ಲಿ ದಿನವಿಡೀ ಅಂಕಿ ಟೈಪ್ ಮಾಡುತ್ತಿದ್ದವರು. ತೊಂಬತ್ತರ ದಶಕದ ಕೊನೆಯಲ್ಲಿ ದೇಶದ ಹಣಕಾಸು ಕುಸಿದಾಗ ಕೆಲಸ ಹೋಯಿತು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಇಲ್ಲಿ ಅರ್ಧ ಮಳಿಗೆ ಹಿಡಿದರು. ಕಂಪ್ಯೂಟರ್ ಒಂದನ್ನೇ ಹೊತ್ತು ತಂದವರನ್ನು ಇಂದಿಗೂ ವಾಪಸ್ ಕಳಿಸುತ್ತಾರೆ. "ಅದು ಯಾವ ಯಂತ್ರದ ಹತ್ರ, ಯಾರ ಹತ್ರ ಮಾತಾಡ್ಬೇಕೋ ಅವರನ್ನೂ ಕರ್ಕೊಂಡು ಬನ್ನಿ" ಎನ್ನುವುದು ಅವರ ಕಟ್ಟಪ್ಪಣೆ. ಚರ್ಚಿನ ಅಜ್ಜಿಗೆ ಪ್ರವಚನ ಕೇಳಿದರೆ ಸಾಕು, ಅವರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಹಗುರವಾದ ಪುಕ್ಕಟೆ ಸಿಸ್ಟಂ. ಬ್ಯಾಂಕು, ತೆರಿಗೆ ಎಂದು ಓಡಾಡುವವರಿಗೆ ವಿಂಡೋಸ್. ಗಿರಾಕಿಯ ಕೈಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟು, ಅವರ ದಿನದ ಕೆಲಸವನ್ನು ತಮ್ಮೆದುರೇ ಮಾಡಿಸಿ ನೋಡಿದ ಮೇಲೆಯೇ ಈ ತೀರ್ಮಾನ.

ತಾಕ್ ಅವರೂ ಈಗ ಮಾಡಿ ತೋರಿಸುತ್ತಾರೆ: ಹೆಸರು ಟೈಪ್ ಮಾಡುವುದು, ಅಕ್ಷರ ಆರಿಸುವುದು, ಯಂತ್ರಕ್ಕೆ ಕಳಿಸುವುದು.

"ಇಷ್ಟೇನಾ, ಯಜಮಾನ್ರೇ?"

"ಅಷ್ಟೇ. ಮತ್ತೆ… ಬೇಜಾರಾದಾಗ ಹಾಡು."

"ಹಾಡು ಫೋನಲ್ಲಿ ಕೇಳಿ. ನಿಮ್ಮ ಯಂತ್ರಕ್ಕೆ ಅರ್ಥವಾಗೋದು ಹಳೇ ಸಿಸ್ಟಂ ಒಂದೇ, ಅದಕ್ಕೆ ಇಂಟರ್ನೆಟ್ ಕೊಟ್ರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ."

"ಮತ್ತೆ ಹಳೇದೇನಾ? ಅಳಿಯ ನಗ್ತಾನಲ್ಲಮ್ಮ."

"ನಗ್ಲಿ ಬಿಡಿ. ಸೋಮವಾರ ಶಾಲೆಯವರ ಮುಂದೆ ನಿಲ್ಲೋದು ಅವನಲ್ವಲ್ಲ."

ಕಡಲಕಳೆಯ ಹಪ್ಪಳದ ಡಬ್ಬಿಯಿಂದ ಮಾಲ್ಸುನ್ ಹಳೆಯ ಡಿಸ್ಕ್ ತೆಗೆಯುತ್ತಾರೆ. ಅದರಲ್ಲಿನ ಹಳೆಯ ಸಿಸ್ಟಂ ಕಂಪ್ಯೂಟರಿಗೆ ಇಳಿಯುವಷ್ಟರಲ್ಲಿ ತಾಕ್ ಮೂರನೇ ಲೋಟ ಕಾಫಿ ಮುಗಿಸಿ, ಲೋಟದ ಅಂಚನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಾರೆ. ಮಾಲ್ಸುನ್ ಮತ್ತೆ ಗುಂಡಿ ಒತ್ತುತ್ತಾರೆ. ಕಣ್ಣು ಸೂಜಿಯ ಮೇಲೆ. ಸೂಜಿ ಒಮ್ಮೆ ನಡುಗಿ ಬಟ್ಟೆಗಿಳಿಯುತ್ತದೆ. ನೀಲಿ ದಾರದಲ್ಲಿ ಯಾವುದೋ ಹುಡುಗಿಯ ಹೆಸರು ಅಕ್ಷರ ಅಕ್ಷರವಾಗಿ ಮೂಡುತ್ತದೆ. ತಾಕ್ ಆ ಹೆಸರನ್ನು ಬೆರಳಿನಿಂದ ಸವರುತ್ತಾರೆ.

"ಮಾಲ್ಸುನಮ್ಮ, ನಮ್ಮ ಓಣಿ ಕಸೂತಿಯವರ ಕಂಪ್ಯೂಟರೆಲ್ಲ ನಾಳೆ ಒಂದೇ ಗಾಡೀಲಿ ತರ್ತೀನಿ. ಎಲ್ಲದಕ್ಕೂ ಇದನ್ನೇ ಹಾಕ್ಬಿಡಿ. ವರ್ಷಪೂರ್ತಿ ಕೆಲಸ ನಿಮ್ಗೆ."

"ಹಾಕಲ್ಲ."

"ಯಾಕೆ? ಎಲ್ರೂ ಹೊಲಿಯೋರೇ ಅಲ್ವಾ?"

"ಒಂದೊಂದು ಸೂಜಿ ಒಂದೊಂದು ಸಿಸ್ಟಂ ಕೇಳುತ್ತೆ. ಒಬ್ಬೊಬ್ರೇ ಬರ್ಲಿ, ಅವರವರ ಯಂತ್ರದ ಜೊತೆ. ಒಟ್ಟಿಗೆ ತಂದ್ರೆ ನಿಮ್ಮ ಗಾಡಿ ಈ ಷಟರ್ ದಾಟಲ್ಲ."