ಮೈಲಾರಲಿಂಗಪ್ಪನ ಕೆನಡಾ ಎಣ್ಣೆ

ಸಂಡೂರಿನ ಗಣಿ ರಸ್ತೆಯಲ್ಲಿ ಟಿಪ್ಪರ್ ಓಡಿಸುವ ಹೊನ್ನೂರುಸ್ವಾಮಿ ಎಂದರೆ ಗೊತ್ತಿಲ್ಲದವರಿಲ್ಲ. ಎಂಥ ಇಳಿಜಾರಿನಲ್ಲೂ ಗಾಡಿಯ ಹಿಡಿತ ಬಿಟ್ಟವನಲ್ಲ, ಬಾಯಿಯ ಹಿಡಿತ ಮಾತ್ರ ಎಂದೂ ಇಟ್ಟುಕೊಂಡವನಲ್ಲ. ಅಡ್ಡ ಬಂದವನ ಮೂರು ತಲೆಮಾರನ್ನು ಜಾಲಾಡಿಯೇ ಮುಂದಿನ ಗೇರ್ ಹಾಕುತ್ತಿದ್ದ. ಅಂಥವನ ಬಾಯಿ, ಅಣ್ಣ ಮೈಲಾರಲಿಂಗಪ್ಪ ಸತ್ತ ದಿನದಿಂದ ಮುಚ್ಚಿಬಿಟ್ಟಿತು. ಅಳಲೂ ಇಲ್ಲ, ಬೈಯಲೂ ಇಲ್ಲ. ಹೆಂಡತಿ ಲಕ್ಷ್ಮೀ ಒಂದು ದಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಳು. ಕುಡಿದು ಸುಮ್ಮನೆ ಲೋಟ ಕೆಳಗಿಟ್ಟ. ಆಮೇಲೆ ತಾನು ಕುಡಿದು ನೋಡಿದಾಗಲೇ ಸಕ್ಕರೆ ಇಲ್ಲದ್ದು ಅವಳಿಗೆ ಗೊತ್ತಾದದ್ದು.

ಮೈಲಾರಲಿಂಗಪ್ಪ ಇದ್ದದ್ದು ಪಾಪಿನಾಯಕನಹಳ್ಳಿಯಲ್ಲಿ. ಹಂಪಿ ಕಡೆಯ ಒಂದು ರೆಸಾರ್ಟಿನಲ್ಲಿ ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ. ಅವತ್ತು ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಕಟ್ಟೆಗೆ ಒರಗಿ ಕುಂತವನು ಏಳಲೇ ಇಲ್ಲ. ಹೆಂಡತಿ ಯಲ್ಲಕ್ಕ ರೊಟ್ಟಿ ತಟ್ಟುತ್ತ ಒಳಗಿನಿಂದ ಎರಡು ಸಲ ಕರೆದಳಂತೆ.

ಮೂರನೇ ದಿನ ಸಮಾಧಿಯ ಮೇಲೆ ಎಡೆ ಇಟ್ಟರು. ಸತ್ತವನಿಗೆ ಏನೇನು ಇಷ್ಟವೋ ಅದನ್ನೆಲ್ಲ ಇಟ್ಟು ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಜೀವಕ್ಕೆ ಸಮಾಧಾನವಾಯಿತು ಎಂದು ಲೆಕ್ಕ. ಅದು ಮುಟ್ಟುವ ತನಕ ಮನೆಯವರು ಯಾರೂ ಉಣ್ಣುವಂತಿಲ್ಲ. ಅವತ್ತು ಬೇವಿನ ಮರದ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಬಿಸಿಲು ನೆತ್ತಿ ಸುಡುವವರೆಗೆ ಕಾದು, ಕೊನೆಗೆ ಎಡೆಯನ್ನು ಆಕಳಿಗೆ ತಿನ್ನಿಸಿ ಎಲ್ಲರೂ ಉಂಡರು. ಯಲ್ಲಕ್ಕ ಒಬ್ಬಳು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಯಾರು ಎಷ್ಟು ಹೇಳಿದರೂ ಒಂದಿಷ್ಟು ಮಜ್ಜಿಗೆ ಕುಡಿಯುತ್ತಿದ್ದಳು, ಅಷ್ಟೇ. ಕಣ್ಣು ಒಳಗೆ ಹೋದವು, ಎದ್ದು ನಿಲ್ಲಲು ಗೋಡೆ ಹಿಡಿಯುವಂತಾದಳು.

"ಅವನ ಮನಸ್ಸಿನಾಗ ಒಂದು ಉಳದೈತಿ," ಎಂದ ಸತ್ತವನ ಸೋದರಮಾವ ಕೆಂಚಣ್ಣ. "ಏನಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಕೆನಡಾ ಎಣ್ಣಿ."

ಅದು ಇಡೀ ಓಣಿಗೆ ಗೊತ್ತಿದ್ದ ಸಂಗತಿ. ಬಹಳ ವರ್ಷದ ಹಿಂದೆ ರೆಸಾರ್ಟಿಗೆ ಬಂದಿದ್ದ ಕೆನಡಾದ ಮುದುಕನೊಬ್ಬ ಊರಿಗೆ ಹೊರಡುವಾಗ ಮೈಲಾರಲಿಂಗಪ್ಪನ ಕೈಗೆ ಒಂದು ತುಂಬಿದ ವಿಸ್ಕಿ ಬಾಟಲಿ ಇಟ್ಟು ಹೋಗಿದ್ದ. ಅದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಎಷ್ಟೋ ಕಾಲ ಕುಡಿದ. ಮುಗಿದ ಮೇಲೂ ಅದರ ಮಾತು ಮುಗಿಯಲಿಲ್ಲ. ಯಾರು ಏನು ಕುಡಿಸಿದರೂ ಮುಖ ಸಿಂಡರಿಸಿ, "ಇದೂ ಒಂದು ಎಣ್ಣೀನಲೇ? ಕೆನಡಾದ್ದು ಕುಡೀಬೇಕು. ಕಂಪ್ಲಿ ಆಲೆಮನಿ ಮುಂದ ನಿಂತಂಗ ವಾಸನಿ. ಗಂಟಲಾಗ ಇಳಿದಿದ್ದ ಗೊತ್ತಾಗಂಗಿಲ್ಲ," ಎನ್ನುತ್ತಿದ್ದ.

ಹನ್ನೊಂದನೇ ದಿನದ ಎಡೆಗೆ ಅದನ್ನು ತರುವ ಕೆಲಸ ಹೊನ್ನೂರುಸ್ವಾಮಿಯ ತಲೆಗೆ ಬಿತ್ತು. ಅತ್ತಿಗೆ ಉಣ್ಣಬೇಕು, ಅವನಿಗೆ ಬೇರೇನೂ ಹೊಳೆಯುತ್ತಿರಲಿಲ್ಲ. ಬಸ್ಸು ಹತ್ತಿ ಸಂಡೂರಿಗೆ, ತಾನು ಓಡಿಸುವ ಟಿಪ್ಪರಿನ ಮಾಲೀಕ ಬಸವರಾಜ್ ಮನೆಗೆ ಹೋದ. ಬಸವರಾಜ್ ಧಣಿ ಹೋದ ದೇಶದಿಂದೆಲ್ಲ ಬಾಟಲಿ ತಂದು ಕಪಾಟಿನಲ್ಲಿ ದೇವರ ಮೂರ್ತಿ ಜೋಡಿಸಿದ ಹಾಗೆ ಜೋಡಿಸಿದ್ದ.

"ಕುಂದ್ರು," ಎಂದ ಧಣಿ, ವಿಷಯವನ್ನೆಲ್ಲ ಕೇಳಿ. "ಬಾಟ್ಲಿ ಮ್ಯಾಲೆ ಏನು ಬರದಿತ್ತು?"

"ಗೊತ್ತಿಲ್ರೀ ಧಣೀ. ಅಣ್ಣಗ ಓದಾಕ ಬರ್ತಿರಲಿಲ್ಲ. ಬಾಟ್ಲಿ ಆಮ್ಯಾಲೆ ಸೀಮಿಎಣ್ಣಿಗೆ ಇಟಗೊಂಡಿದ್ರು, ಒಡದು ಹೋತು."

"ಹಂಗಾರ ಕಷ್ಟ. ಕೊಟ್ಟಾತ ಕೆನಡಾದವ ಅಂದ್ರ ಬಾಟ್ಲಿನೂ ಕೆನಡಾದ್ದ ಅಂತ ಏನು ಗ್ಯಾರಂಟಿ? ದಾರ್‍ಯಾಗ ಏರ್‌ಪೋರ್ಟಿನಾಗ ಜಪಾನಿಂದು ಕೊಂಡಿದ್ರ? ಕುಡದು ನೋಡು, ಅಣ್ಣ ಹೇಳಿದ್ದು ಯಾವುದಕ್ಕ ಹೊಂದತೈತಿ ಅಂತ ನೀನ ಹೇಳು."

ನಾಲ್ಕು ಲೋಟ ಬಂದವು. ಒಂದೊಂದರಲ್ಲೂ ತಳ ಮುಚ್ಚುವಷ್ಟು. ಧಣಿಗೆ ಇದು ಪ್ರೀತಿಯ ವಿಷಯ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಮುಂದೆ ಸರಿಸಿದ. ಮೊದಲನೆಯದು ಕೆನಡಾದ್ದು. ಅಲ್ಲಿ ರೈ ಅಂತ ಒಂದು ಕಾಳು, ನಮ್ಮ ಗೋಧಿಯ ಜಾತಿಯದು, ಅದರಿಂದ ತೆಗೆದದ್ದು, ನಾಲಿಗೆಯ ತುದಿಯಲ್ಲಿ ಮೆಣಸಿನಂತೆ ಚುರುಕ್ಕೆನ್ನುತ್ತದೆ ಎಂದ. ಎರಡನೆಯದೂ ಕೆನಡಾದ್ದೇ, ಆದರೆ ಮೆಕ್ಕೆಜೋಳದ್ದು, ಸಿಹಿ, ಹಗುರ. ಮೂರನೆಯದು ಜಪಾನಿನದು, ಗಂಧದ ಕೊರಡು ತೇದ ಹಾಗಿರುತ್ತದೆ. ನಾಲ್ಕನೆಯದು ತೈವಾನಿನದು.

"ಅದೂ ನಮ್ಮಂಗ ಬಿಸಿಲ ದೇಶ. ಚಳಿ ದೇಶದಾಗ ಹತ್ತು ವರ್ಷಕ್ಕ ಆಗೋದು ಅಲ್ಲಿ ಪೀಪಾಯಿದಾಗ ಜಲ್ದಿ ಹಣ್ಣಾಗತೈತಿ. ಮಾವಿನಹಣ್ಣಿನ ವಾಸನಿ ಬರತೈತಿ ನೋಡು."

ಹೊನ್ನೂರುಸ್ವಾಮಿ ಮೊದಲನೆಯದನ್ನು ಕುಡಿದ. ಎರಡನೆಯದನ್ನು ಕುಡಿದ. ಎಲ್ಲವೂ ಬಿಸಿಯಾಗಿ ಕೆಳಗೆ ಹೋದವು, ಹೋದದ್ದು ಗೊತ್ತಾಯಿತು, ಬೇರೇನೂ ಗೊತ್ತಾಗಲಿಲ್ಲ. ಹೊಸಪೇಟೆಯಲ್ಲಿ ಹಲ್ಲು ಕೀಳಿಸಿಕೊಂಡ ದಿನ ಸೂಜಿ ಚುಚ್ಚಿದ ಮೇಲೆ ಬಾಯಿ ತನ್ನದೇ ಅಲ್ಲ ಅನಿಸಿತ್ತಲ್ಲ, ಹಾಗೆ. ಮೆಣಸಿಲ್ಲ, ಗಂಧವಿಲ್ಲ, ಮಾವಿಲ್ಲ. ಮತ್ತೊಂದು ಸುತ್ತು ಕುಡಿದ. ಲೋಟಗಳನ್ನು ನೋಡುತ್ತ ಕುಂತ.

"ಯಾವುದು?" ಎಂದ ಧಣಿ.

"ಎಲ್ಲಾ ಒಂದ ಅನಸ್ತಾವ್ರೀ."

ಬಸವರಾಜ್ ಅವನ ಮುಖವನ್ನೇ ನೋಡಿದ. "ಒಂದೀಟು ಬೈಯೋ ಯಾರಿಗರ. ನಿನ್ನ ಬೈಗಳ ಇಲ್ಲದ ನಮ್ಮ ಸ್ಟಾಕ್‌ಯಾರ್ಡು ಬಿಕೋ ಅನ್ನಾಕತ್ತೈತಿ."

"ಯಾರಿಗೆ ಬೈಲಿ ಧಣೀ?"

ಧಣಿ ಎದ್ದ. ಒಳಗೆ ಹೋಗಿ ತೊಳೆದಿಟ್ಟ ಔಷಧಿ ಸೀಸೆಗಳನ್ನು ತಂದು, ನಾಲ್ಕರಲ್ಲೂ ನಾಲ್ಕನ್ನು ತುಂಬಿ ಕೊಟ್ಟ. "ನಾಕೂ ಇಡು. ಯಾವುದು ಬೇಕೋ ಅವನ ಆರಿಸಿಕೊಳ್ಳಲಿ."

ಹನ್ನೊಂದನೇ ದಿನ ಬೆಳಿಗ್ಗೆ ಸಮಾಧಿಯ ಮೇಲೆ ಬಾಳೆಎಲೆ ಹಾಸಿ ಜೋಳದ ರೊಟ್ಟಿ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಒಂದು ಕಟ್ಟು ಬೀಡಿ ಇಟ್ಟರು. ಪಕ್ಕದಲ್ಲಿ ಸ್ಟೀಲಿನ ನಾಲ್ಕು ಬಟ್ಟಲು, ಒಂದು ಚೊಂಬು ನೀರು. ಎಲ್ಲರೂ ಹಿಂದೆ ಸರಿದರು. ಯಲ್ಲಕ್ಕನನ್ನು ಲಕ್ಷ್ಮೀ ತೋಳು ಹಿಡಿದು ಕುಂಡ್ರಿಸಿದಳು.

ಕಾಗೆಗಳು ಮರದಲ್ಲಿದ್ದವು. ಕೆಂಚಣ್ಣ ಕೈಚಪ್ಪಾಳೆ ತಟ್ಟಿ, "ಬಾರೋ ಮೈಲಾರಿ, ಕಾ... ಕಾ... ಬಾರೋ ನಮ್ಮಪ್ಪ," ಎಂದು ಗಂಟಲು ಹರಿಯುವಂತೆ ಕೂಗಿದ. ಎರಡು ಕಾಗೆ ಹಾರಿ ಆಚೆ ಮರಕ್ಕೆ ಹೋದವು.

ಸತ್ತವನ ಜೊತೆ ರೆಸಾರ್ಟಿನಲ್ಲಿ ಕೆಲಸ ಮಾಡುತ್ತಿದ್ದ ತಿಪ್ಪೇಶ್, "ನಾಕು ನಮೂನಿ ಇಟ್ರ ಅದಕ್ಕರ ಹೆಂಗ ತಿಳೀಬೇಕು ಮಾವ? ತಲಿ ಕೆಟ್ಟು ಕುಂತೈತಿ," ಎಂದ.

"ಹೌದಪಾ, ನೀ ಹೋಗಿ ಒಂದೊಂದು ಗುಟುಕು ಹಾಕಿ ಹೇಳಿಕೊಡು. ಬೆಳಗಿಂದ ಬಟ್ಟಲಾ ಬಿಟ್ಟು ಕಣ್ಣು ಕೀಳವಲ್ಲಿ, ಕಂಡೀನಿ."

"ನಾನ್ಯಾಕ ಮಾವ, ನೀನ ಹಿರಿಯ."

ಇಬ್ಬರಿಗೂ ಜಗಳ ಹತ್ತಿತು. ಜನ ಹೊನ್ನೂರುಸ್ವಾಮಿಯ ಕಡೆ ನೋಡಿದರು. ಮೊದಲಾಗಿದ್ದರೆ ಇಬ್ಬರನ್ನೂ ಕಾಲುವೆಗೆ ತಳ್ಳುತ್ತಿದ್ದ. ಅವನು ಕೈಕಟ್ಟಿ ನಿಂತೇ ಇದ್ದ. ಬಿಸಿಲೇರುತ್ತಿತ್ತು. ಯಾರೋ ಆಗಲೇ, ಆಕಳು ಹೊಡೆದುಕೊಂಡು ಬರ್ತೀನಿ ಎಂದರು.

ಆ ಮಾತಿಗೆ ಯಲ್ಲಕ್ಕ ಎದ್ದಳು. ತಡವರಿಸುತ್ತ ಎಡೆಯ ಹತ್ತಿರ ಹೋಗಿ ಕುಂತು, ಮೊದಲ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಏ ಯವ್ವಾ! ಎಡಿ ಎಂಜಲಾತು!" ಎಂದು ಕೆಂಚಣ್ಣ ಚೀರಿದ.

"ಇದು ಖಾರ," ಎಂದಳು ಯಲ್ಲಕ್ಕ. ಜಪಾನಿನದಕ್ಕೆ, "ಇದು ಪೂಜಿ ಸಾಮಾನಿನ ವಾಸನಿ," ಎಂದಳು. ತೈವಾನಿನದನ್ನು ಮೂಸಿಯೇ ಸರಿಸಿದಳು. ಕೊನೆಗೆ ಮೆಕ್ಕೆಜೋಳದ ಕೆನಡಾದ್ದನ್ನು ಬೆರಳಲ್ಲಿ ಎರಡು ಸಲ ನೆಕ್ಕಿ ನೋಡಿದಳು. ಚೊಂಬು ತೆಗೆದುಕೊಂಡು ಆ ಬಟ್ಟಲಿಗೆ ಅದರಷ್ಟೇ ನೀರು ಸುರಿದಳು. ಮತ್ತೆ ನೆಕ್ಕಿದಳು.

"ಇದ."

ಯಾರಿಗೂ ಅರ್ಥವಾಗಲಿಲ್ಲ. ಎಣ್ಣೆಯ ವಿಷಯ ಹೆಂಗಸನ್ನು ಕೇಳಬೇಕು ಎಂದು ಹನ್ನೊಂದು ದಿನದಲ್ಲಿ ಒಬ್ಬರಿಗೂ ತೋಚಿರಲಿಲ್ಲ.

"ಬಾಟ್ಲಿ ಮನಿಗೆ ಬಂದ ದಿನಾನ ಅರ್ಧ ತಗದು ನೀರು ಹಾಕಿ, ಗೊತ್ತಾಗತೈತೇನಂತ ನೆಕ್ಕಿ ನೋಡಿದ್ದೆ," ಎಂದಳು, ಸಮಾಧಿಯನ್ನು ನೋಡುತ್ತ. "ಭಾಳ ಕುಡದು ಎಲ್ಲಿ ಬೀಳತಾನೋ ಅಂತ. ಇವ ನೋಡಿದ್ರ ಏನು ಹಗುರ, ಏನು ಮೆತ್ತಗ ಅಂತ ಊರೆಲ್ಲ ಹೊಗಳಿಕೊಂತ ಹೊಂಟ. ಹೆಂಗ ಹೇಳಲಿ? ಕಡೀತನ ಹೇಳಲಿಲ್ಲ. ಈಗ ಅಲ್ಲಿ ಹೋದ ಮ್ಯಾಲೆ ಗೊತ್ತಾಗಿ ಸಿಟ್ಟಾಗ್ಯಾನ. ಅದಕ್ಕ ಬರವಲ್ಲ."

"ತಗದಿದ್ದು ಏನು ಮಾಡಿದೆವ್ವಾ?" ಎಂದು ಕೆಂಚಣ್ಣ ಮೆಲ್ಲಗೆ ಕೇಳಿದ.

"ಅತ್ತಿ ಮಂಡಿಗೆ ತಿಕ್ಕಿದೆ."

ಯಲ್ಲಕ್ಕ ಹಿಂದೆ ಬಂದು, ಸೆರಗು ಮುಖದ ಮೇಲೆಳೆದುಕೊಂಡು ಕೈ ಮುಗಿದಳು. ಬೆಳಗಿನಿಂದ ಮೊದಲ ಸಲ ಅಲ್ಲಿ ಸದ್ದಡಗಿತ್ತು. ಆಗ ಒಂದು ಕಾಗೆ ಇಳಿಯಿತು. ಕುಪ್ಪಳಿಸಿ ಎಲೆಯ ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಮೊಟ್ಟೆಯನ್ನು ಕಚ್ಚಿಕೊಂಡು ಹಾರಿಹೋಯಿತು. ಬಟ್ಟಲುಗಳ ಕಡೆಗೆ ತಿರುಗಿ ಸಹ ನೋಡಲಿಲ್ಲ.

"ಮುಟ್ಟಿತು! ಮುಟ್ಟಿತು!" ಎಂದು ಜನ ಕೂಗಿದರು.

ಯಲ್ಲಕ್ಕ ಸೆರಗು ತೆಗೆಯಲಿಲ್ಲ. "ಏನು ಮುಟ್ಟಿತು ಹೊನ್ನೂರಾ?" ಎಂದಳು.

ತಿಪ್ಪೇಶ್ ಬಾಯಿ ತೆರೆದ. ಹೊನ್ನೂರುಸ್ವಾಮಿ ಅವನನ್ನು ನೋಡಿದ, ಅವನು ಬಾಯಿ ಮುಚ್ಚಿದ.

"ನೀರು ಹಾಕಿದ್ಯಲ್ಲ ಅತ್ತಿಗಿ, ಆ ಬಟ್ಟಲಕ್ಕ ಕೊಕ್ಕು ಅದ್ದಿತು," ಎಂದ ಹೊನ್ನೂರುಸ್ವಾಮಿ. "ಎರಡು ಸಲ ಅದ್ದಿತು."

"ಖರೇನ?"

"ನಾ ಯಾವತ್ತರ ಸುಳ್ಳು ಹೇಳೀನೇನು?"

ಅವಳು ಸೆರಗು ಸರಿಸಿದಳು. ಲಕ್ಷ್ಮೀ ಅಲ್ಲೇ ಬೇವಿನ ನೆರಳಲ್ಲಿ ಎಲೆ ಹಾಕಿ ರೊಟ್ಟಿ ಬಡಿಸಿದಳು. ಯಲ್ಲಕ್ಕ ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು, ನುಂಗಲು ಮರೆತವಳ ಹಾಗೆ. ಎರಡನೆಯದು ಸಲೀಸಾಗಿ ಹೋಯಿತು. ಹೊನ್ನೂರುಸ್ವಾಮಿಗೂ ಎಲೆ ಹಾಕಿದರು. ಸಾರಿಗೆ ಉಪ್ಪಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅತ್ತಿಗೆಯ ಕೈ ಎಲೆಯಿಂದ ಬಾಯಿಗೆ ಹೋಗುವುದನ್ನು ನೋಡುತ್ತ ತಾನೂ ಅದೇ ಲೆಕ್ಕದಲ್ಲಿ ತುತ್ತು ಎತ್ತಿದ. ಅವಳು ಇನ್ನೊಂದು ರೊಟ್ಟಿ ಕೇಳಿದಾಗ ತಾನೂ ಕೇಳಿದ.