ಎಡಗಡೆಯ ಹೂವಿಗೆ ಹಚ್ಚಿದ ಗಂಧ

ರುದ್ರಯ್ಯ, ಅಂದು ವೀರಭದ್ರಸ್ವಾಮಿ ನನಗೆ ಬಲಗಡೆ ಹೂ ಕೊಡಲಿಲ್ಲ. ನಾನೇ ಬೀಳಿಸಿಕೊಂಡೆ. ಇಪ್ಪತ್ತೈದು ವರ್ಷ ಇದನ್ನು ನಿನ್ನಿಂದ ಮುಚ್ಚಿಟ್ಟೆ — ನಿನ್ನ ಒಡಹುಟ್ಟಿದ ಅಣ್ಣ, ಮೈಸೂರಿನಲ್ಲಿ ಮಕ್ಕಳಿಂದ ಸತ್ಯದ ಮೇಲೆ ಪ್ರಬಂಧ ಬರೆಸುವ ಮೇಷ್ಟ್ರು.

ಆ ದಿನಗಳು ನಿನಗೂ ನೆನಪಿರಬೇಕು. ತುಮಕೂರಿನಲ್ಲಿ ಹೈಸ್ಕೂಲು ಮುಗಿಸಿ ಊರಿಗೆ ಬಂದಿದ್ದೆ. ಇನ್ನು ಓದಲು ಮದರಾಸಿನ ಕಡೆ ನೋಡಬೇಕಿಲ್ಲ, ಮೈಸೂರಿಗೇ ಯೂನಿವರ್ಸಿಟಿ ಬಂದಿದೆ ಎಂದು ಹೆಡ್‌ಮಾಸ್ತರರು ತಲೆಗೆ ತುಂಬಿದ್ದರು. ಬೆಂಗಳೂರಿನಲ್ಲಿ ಸೋದರಮಾವನ ಮನೆಯಿತ್ತು; ಅಲ್ಲಿಗಾದರೆ ಅಪ್ಪ ಸುಲಭವಾಗಿ ಒಪ್ಪುತ್ತಿದ್ದರೇನೋ. ನನಗೆ ಮೈಸೂರೇ ಬೇಕಿತ್ತು. ಅಪ್ಪ ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. ಕೊರಟಗೆರೆ ದಾಟಿದರೆ ದಿಕ್ಕು ತಪ್ಪುವ ಮನುಷ್ಯ — ಹೆದರಿದ್ದರು. ಸೋಮವಾರ ಸ್ವಾಮಿಯ ಅಪ್ಪಣೆ ಕೇಳೋಣ ಎಂದರು, ಅಷ್ಟೆ.

ಹೆಣ್ಣು ಕೊಡುವುದಕ್ಕೆ, ಬಾವಿ ತೋಡುವುದಕ್ಕೆ ಊರವರೆಲ್ಲ ಕೇಳುತ್ತಿದ್ದ ಹಾಗೆಯೇ. ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ಆ ಬೆಳಿಗ್ಗೆ ಅಲಂಕಾರ ನನ್ನ ಪಾಲಿಗಿತ್ತು. ಬಲಗಡೆಯ ಹೂವಿಗೆ ನೀರು ಸೋಕಿಸಿದೆ. ಎಡಗಡೆಯದಕ್ಕೆ — ಗಂಧ ಹಚ್ಚಿದೆ, ದಪ್ಪಗೆ, ಹೆಬ್ಬೆರಳಿನಿಂದ ಒತ್ತಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ದೇವರು ಕೊಡುವ ಮೊದಲೇ ಪೂಜಾರಿಯ ಮಗ ತೆಗೆದುಕೊಂಡಿದ್ದ.

ಹೂ ಬಿತ್ತು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡರು. “ಬಲಗಡೆ ಕೊಟ್ಟ ಕಣ್ಲಾ. ಬ್ಯಾಡ ಅನ್ನಾಕೆ ನಾನ್ಯಾವನು?” ಅಂದರು. ಅವರ ಹೆದರಿಕೆಯೆಲ್ಲ ಹೋಗಿಬಿಟ್ಟಿತ್ತು. ನನ್ನ ಹಾಸಿಗೆಯ ಸುರುಳಿಯನ್ನು ತಾವೇ ಹೊತ್ತು ತುಮಕೂರಿನ ರೈಲಿನವರೆಗೂ ಬಂದರು.

ಇಷ್ಟೇ ಆಗಿದ್ದರೆ — ತಂದೆಗೆ ಮಾಡಿದ ಮೋಸ, ಅವರ ಜೊತೆಗೇ ಮಣ್ಣಾಯಿತು ಎಂದುಕೊಳ್ಳುತ್ತಿದ್ದೆನೇನೋ. ಆದರೆ ಎರಡು ವರ್ಷಕ್ಕೆ ನಿನ್ನ ಸರದಿ ಬಂತು. ಓದಿನಲ್ಲಿ ನೀನು ನನಗಿಂತ ಚುರುಕು. ನೀನೂ ಮೈಸೂರು ಅಂದೆ. ಅಪ್ಪ ಮತ್ತೆ ಹೂ ಇಟ್ಟರು, ತಮ್ಮ ಕೈಯಾರೆ, ಬರೀ ನೀರಿನಲ್ಲಿ. ರಜೆಗೆ ಬಂದಿದ್ದ ನಾನು ಗರ್ಭಗುಡಿಯ ಬಾಗಿಲಲ್ಲಿ ಗಂಟೆ ಹಿಡಿದು ನಿಂತಿದ್ದೆ. ಎಡಗಡೆಯದು ಬಿತ್ತು. ಒಂದು ಮಾತು ಸಾಕಿತ್ತು — ಅಪ್ಪಾ, ನನ್ನ ಹೂವೇ ಸುಳ್ಳು, ಇದನ್ನು ನಂಬಿ ಇವನನ್ನು ಕಟ್ಟಿಹಾಕಬೇಡಿ ಎಂದು. ಆಗ ನಿನ್ನನ್ನು ಕಳಿಸುತ್ತಿದ್ದರೋ ಏನೋ. ನನ್ನನ್ನಂತೂ ಮತ್ತೆ ಮೈಸೂರಿಗೆ ಕಳಿಸುತ್ತಿರಲಿಲ್ಲ. ಅದಕ್ಕೇ ಸುಮ್ಮನೆ ಗಂಟೆ ಬಾರಿಸಿದೆ.

ನೀನು ಅಳಲಿಲ್ಲ. “ಬುಡಣ್ಣ, ನೀನು ಓದಿದ್ರೆ ನಾನು ಓದ್ದಂಗೇ,” ಅಂದೆ. ಇವತ್ತಿಗೂ ಊಟಕ್ಕೆ ಕೂತಾಗ ಆ ಮಾತು ನೆನಪಾಗುತ್ತದೆ.

ನಿನ್ನೆ ನಿನ್ನ ಕಾಗದ ಬಂತು. ಮಗಳು ಗಿರಿಜ ಹೈಸ್ಕೂಲು ಪಾಸು ಮಾಡಿ, ಮೈಸೂರಿಗೇ ಹೋಗಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಹೆಣ್ಣುಮಗಳು, ನಿನಗೇನೂ ತೋಚುತ್ತಿಲ್ಲ. ಬರುವ ಸೋಮವಾರ ಅಪ್ಪಣೆ ಕೇಳಬೇಕು, ಅಣ್ಣನೇ ಬಂದು ಹೂ ಇಡಬೇಕು, ಅಣ್ಣನ ಕೈಗುಣ ಒಳ್ಳೆಯದು — ಎಂದು ಬರೆದಿದ್ದೀಯ.

ನನ್ನ ಕೈಗುಣ. ಇನ್ನೊಂದು ಸಲ ಗಂಧ ಹಚ್ಚಿದರೆ ಆ ಮಗುವಿನ ದಾರಿ ಸಲೀಸಾಗುತ್ತದಲ್ಲ ಎಂಬ ಯೋಚನೆಯೂ ಬಂತು — ಇಷ್ಟು ಬರೆದ ಮೇಲೆ ಅದನ್ನೇಕೆ ಮುಚ್ಚಿಡಲಿ?

ಬರುತ್ತೇನೆ. ಹೂ ಇಡುವುದಿಲ್ಲ. ಈ ಕಾಗದವನ್ನು ನನಗಿಂತ ಮೊದಲೇ ಕಳಿಸುತ್ತಿದ್ದೇನೆ. ಗಿರಿಜಳಿಗೂ ಓದಲು ಕೊಡು. ನೀನು ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ. ನನ್ನನ್ನು ಏನು ಬೇಕಾದರೂ ಅನ್ನು. ಅವಳ ವಿಷಯ ಮಾತ್ರ ಸ್ವಾಮಿಯನ್ನು ಕೇಳಬೇಡ, ತಮ್ಮಾ. ಅಂದು ಗರ್ಭಗುಡಿಯ ಮುಂದೆ ಕೈಮುಗಿದು ನಿಂತಿದ್ದ ಹದಿನೇಳು ವರ್ಷದ ರುದ್ರಯ್ಯನನ್ನು ಕೇಳು.